ಮುಳ್ಳೆದ್ದ ಕುಸುರೆಳ್ಳು

ಮೊನ್ನೆ ನೆಂಟರ ಮನೆಗೆಂದು ಅಕ್ಕಿಆಲೂರಿಗೆ ಹೋದವಳು ಸಂತೆಯಲ್ಲಿ ಒಂದು ಪೊಟ್ಟಣ ಕುಸುರೆಳ್ಳು ಕೊಂಡೆ. ಮನೆಗೆ ಬಂದು ಬಿಚ್ಚಿದರೆ, ಅಯ್ಯ ಶಿವನೇ, ಒಂದಕ್ಕೂ ಸಕ್ಕರೆಯ ಮುಳ್ಳಿಲ್ಲ! ಔಷಧದ ಗುಳಿಗೆಯ ಹಾಗೆ ನುಣ್ಣಗಿವೆ. ನಮ್ಮ ಸವಣೂರಿನ ಪಕ್ಕದ ಮನೆಯ ಖಾಲಾ ನೆನಪಾದರು. ಅವರಿದ್ದಿದ್ದರೆ ಆ ಅಂಗಡಿಯವನನ್ನು ನಿಲ್ಲಿಸಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು...

ನಾನು ಹಂಸಭಾವಿಯಿಂದ ಸೊಸೆಯಾಗಿ ಬಂದ ವರ್ಷ ಅತ್ತೆಗೂ ಖಾಲಾಗೂ ಮಾತಿರಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ಬೇಸಿಗೆಯಲ್ಲಿ ಅತ್ತೆ ಹೊರಸಿನ ಮೇಲೆ ಒಣಹಾಕಿದ್ದ ಶ್ಯಾವಿಗೆಯನ್ನು ಖಾಲಾ ಅವರ ಆಡು ಅರ್ಧಕ್ಕರ್ಧ ಮೇಯ್ದಿತ್ತು. ಅದರಲ್ಲಿ ಖಾಲಾ ಅವರ ಪಾಲೂ ಇತ್ತು. ಪ್ರತಿ ರಂಜಾನಿಗೆ ಅವರ ಮನೆಯ ಸುರಕುಂಬಾ ಪಾಯಸಕ್ಕೆ ಅತ್ತೆ ಹೊಸೆದ ಶ್ಯಾವಿಗೆಯೇ ಆಗಬೇಕು. ಎಳೆ ಮುರಿಯದೆ ಉದ್ದಕ್ಕಿದ್ದರೆ ಸಂಬಂಧವೂ ಉದ್ದಕ್ಕಿರುತ್ತದೆ ಎಂದು ಅವರ ನಂಬಿಕೆ. ನಷ್ಟ ಇಬ್ಬರದೂ, ಆದರೂ ಮಾತಿಗೆ ಮಾತು ಬೆಳೆದು ಎರಡು ಹಿತ್ತಲಿನ ನಡುವಿನ ಬಾಗಿಲಿಗೆ ಅಗಳಿ ಬಿದ್ದಿತ್ತು.

ಅಷ್ಟರಲ್ಲಿ ನನ್ನ ಮೊದಲ ಸಂಕ್ರಾಂತಿ ಬಂತು. ಹೊಸ ಸೊಸೆಯ ಕುಸುರೆಳ್ಳನ್ನು ಓಣಿಯ ಹೆಂಗಸರು ಅಂಗೈಯಲ್ಲಿ ಹೊರಳಿಸಿ ನೋಡುತ್ತಾರೆ. ಮುಳ್ಳು ಏಳದಿದ್ದರೆ ವರ್ಷಪೂರ್ತಿ ಅದೇ ಮಾತು. ನಸುಕಿನ ಚಳಿಯಲ್ಲಿ ಹಿತ್ತಲಲ್ಲಿ ಕುಳಿತು, ಕೆಂಡದ ಮೇಲೆ ತಾಟಿಟ್ಟು, ಎಳ್ಳಿಗೆ ಸಕ್ಕರೆ ಪಾಕ ಬಿಟ್ಟು ಬೆರಳಿನಿಂದ ಆಡಿಸಿದೆ. ಎರಡು ದಿನವೂ ಬರೀ ಗಂಟು.

"ನಿಮ್ಮ ಹಂಸಭಾವ್ಯಾಗ ಇದಕ್ಕ ಕುಸುರೆಳ್ಳು ಅಂತಾರೇನ?" ಎಂದು ಅತ್ತೆ ಒಳಗೆ ಹೋದರು. ಮೈಯೆಲ್ಲ ಉರಿಯಿತು ನನಗೆ. ಅಲ್ಲೇ ಕೂತು ಅತ್ತುಬಿಟ್ಟೆ.

ಮೂರನೆಯ ದಿನ ಗೋಡೆಯಾಚೆಯಿಂದ ಖಾಲಾ ದನಿ ಬಂತು.

"ಬೇಟಿ, ಪಾಕ ಭಾಳ ಹಾಕಾಕತ್ತಿ. ಒಂದೊಂದ ಚಮಚಾ ಹಾಕು. ಎಳ್ಳು ಒಣಗಿ ಸಪ್ಪಳ ಮಾಡೂತನ ಇನ್ನೊಂದು ಹಾಕಬ್ಯಾಡ."

ನನ್ನ ತಾಟನ್ನು ಅವರು ನೋಡಿಯೇ ಇರಲಿಲ್ಲ, ಬರೀ ಕೇಳಿಸಿಕೊಂಡಿದ್ದರು! ಹೌದಲ್ಲ, ಒದ್ದೆ ಎಳ್ಳು ತಾಟಿನಲ್ಲಿ ಸುಮ್ಮನಿರುತ್ತದೆ, ಒಣಗಿದ್ದು ಗಲಗಲ ಅನ್ನುತ್ತದೆ. ಮುಂದೆ ಮೂರು ಬೆಳಗು ಅವರು ಆಚೆ, ನಾನು ಈಚೆ. "ತಡಿ, ತಡಿ..." ಅನ್ನುವರು. ಆಮೇಲೆ, "ಹಾಂ, ಈಗ ಹಾಕು."

ಹಬ್ಬದ ಹಿಂದಿನ ದಿನ ಮುಳ್ಳು ಎದ್ದವು. ಬೆಳ್ಳಗೆ, ಸಣ್ಣಗೆ, ಅಂಗೈಗೆ ಚುಚ್ಚುವ ಹಾಗೆ! ಗೆದ್ದೆನಲ್ಲ ಎಂದು ಕುಣಿಯುವುದೊಂದೇ ಬಾಕಿ.

ಅತ್ತೆ ಒಂದು ಕಾಳು ಎತ್ತಿ ಬಿಸಿಲಿಗೆ ಹಿಡಿದರು. "ಯಾರು ಕಲಿಸಿದ್ರು?" ನಾನು ಗೋಡೆ ನೋಡಿದೆ. ಬೈಗುಳ ಬರುತ್ತದೆಂದು ಕಾದರೆ, ಅತ್ತೆಯ ದನಿ ಇಳಿದಿತ್ತು. "ಇಷ್ಟ ವರ್ಷ ಪಾಕ ನಂದು, ಕೈ ಆಕೀದು. ಓಣ್ಯಾಗ ಹೆಸರು ಮಾತ್ರ ನನಗ ಬಂತು..."

ಬಟ್ಟಲು ತುಂಬಿಸಿಕೊಂಡು ತಾವೇ ಅಗಳಿ ತೆಗೆದರು. ನಾನು ಹಿಂದೆಯೇ ಓಡಿದೆ.

"ತಗೋ. ಎಳ್ಳು ಕೊಟ್ಟ ಮ್ಯಾಲ ಸಿಟ್ಟು ಇಟಗೊಳ್ಳೂವಂಗಿಲ್ಲ, ನಿನಗ ಗೊತ್ತೈತಿ."

ಖಾಲಾ ಒಂದು ಕಾಳು ಬಾಯಿಗೆ ಹಾಕಿಕೊಂಡರು. ಕಣ್ಣು ತುಂಬಿತ್ತು, ನಾಲಿಗೆ ಮಾತ್ರ ಸುಮ್ಮನಿರಲಿಲ್ಲ. "ಮುಳ್ಳು ಛಲೋ ಎದ್ದಾವ್ರಿ ಅಕ್ಕಾ, ನಿಮ್ಮ ಮಾತಿನಂಗ!"

"ನೀ ಮೊದಲ ಆ ಆಡು ಕಟ್ಟು," ಎಂದರು ಅತ್ತೆ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮುಂದಿನ ಬೇಸಿಗೆಯಲ್ಲಿ ಅತ್ತೆ ಶ್ಯಾವಿಗೆ ಹೊಸೆದರು. ಖಾಲಾ ಕೋಲು ಹಿಡಿದು ಹೊರಸಿನ ಪಕ್ಕ ಕಾವಲು ಕುಳಿತರು. ಒಂದು ಎಳೆಯೂ ಆಡಿನ ಪಾಲಾಗಲಿಲ್ಲ.

ಈಗ ಅತ್ತೆ ಇಲ್ಲ. ಖಾಲಾ ಹೋಗಿಯೂ ಮೂರು ವರ್ಷವಾಯಿತು. ಸಂತೆಯ ಪೊಟ್ಟಣವನ್ನು ಬದಿಗೆ ಸರಿಸಿ, ಇವತ್ತು ನಸುಕಿನಲ್ಲಿ ಹಿತ್ತಲಲ್ಲಿ ಕೆಂಡ ಮಾಡಿದೆ. ಎಳ್ಳು ಗಲಗಲ ಎಂದಿತು. ಚಮಚ ಹಿಡಿದು, ಗೋಡೆಯ ಕಡೆ ಕಿವಿಕೊಟ್ಟು ಕಾದೆ... ಎಷ್ಟು ಹೊತ್ತಾದರೂ ದನಿ ಬರಲಿಲ್ಲ. ಕೊನೆಗೆ ನಾನೇ, ಆಚೆ ಹಿತ್ತಲಿಗೂ ಕೇಳುವಷ್ಟು ಗಟ್ಟಿಯಾಗಿ ಅಂದೆ:

"ಹಾಂ, ಈಗ ಹಾಕು."