ತಮ್ಮನ ಪಾಲಿಗೆ ಹೋದ ಪೆಟ್ಟಿಗೆ

ನಾನು ಹಾರ್ಮೋನಿಯಂ ಮೇಷ್ಟ್ರು. ನಮ್ಮ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹಳ್ಳಿಯವರು ಪೌರಾಣಿಕ ನಾಟಕ ಕಟ್ಟಿದರೆ ತಿಂಗಳುಗಟ್ಟಲೆ ಕೂತು ಅವರಿಗೆ ಹಾಡು ಹೇಳಿಕೊಡುವುದು ನನ್ನ ಕಸುಬು. ಈಚೆಗೆ ಮೇಷ್ಟ್ರು ಊರಿಗೆ ಬರುವ ತನಕ ಕಾಯುವ ತಾಳ್ಮೆ ಯಾರಿಗೂ ಇಲ್ಲ. ‘ಟ್ರ್ಯಾಕ್ ಕಳ್ಸಿ ಮೇಷ್ಟ್ರೇ, ಟ್ರಾಕ್ಟರಲ್ಲಿ ಆಕ್ಕಂಡು ಕಲ್ತ್ಕತೀನಿ’ ಅನ್ನುತ್ತಾರೆ. ಅವರವರ ಶ್ರುತಿಗೆ ನುಡಿಸಿ, ತಾಳ ಸೇರಿಸಿ, ಲ್ಯಾಪ್‌ಟಾಪಿನಲ್ಲಿರುವ ಸಂಗೀತದ ಸಾಫ್ಟ್‌ವೇರಿನಲ್ಲಿ ಹೊಂದಿಸಿ ಮೊಬೈಲಿಗೆ ಕಳಿಸುತ್ತೇನೆ. ಆ ವಿದ್ಯೆ ನನ್ನದಲ್ಲ, ನನ್ನ ತಮ್ಮನದು. ನಾನು ನುಡಿಸುತ್ತಿದ್ದೆ, ಅವನು ರೆಕಾರ್ಡು ಮಾಡುತ್ತಿದ್ದ.

ಅಪ್ಪ ಹೋದ ಮೇಲೆ ಮನೆ ಪಾಲಾಯಿತು. ಪಾಲು ಮಾಡಲು ಕೂತ ಹಿರಿಯರು ಗದ್ದೆ, ಹಿತ್ತಿಲು, ತೆಂಗಿನ ಮರಗಳನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹಂಚಿದರು. ಕೊನೆಗೆ ಉಳಿದದ್ದು ನಮ್ಮ ರೆಕಾರ್ಡಿಂಗ್ ಸಾಮಾನು: ಒಂದು ಲ್ಯಾಪ್‌ಟಾಪು, ಅದಕ್ಕೆ ಸೌಂಡನ್ನು ಒಳಕ್ಕೂ ಹೊರಕ್ಕೂ ಸಾಗಿಸುವ ಒಂದು ಪುಟ್ಟ ಕಪ್ಪು ಪೆಟ್ಟಿಗೆ. ಎತ್ತು ಒಬ್ಬನಿಗೆ, ಗಾಡಿ ಒಬ್ಬನಿಗೆ ಅನ್ನುವ ಹಾಗೆ, ಲ್ಯಾಪ್‌ಟಾಪು ದೊಡ್ಡೋನಿಗೆ, ಪೆಟ್ಟಿಗೆ ಚಿಕ್ಕೋನಿಗೆ ಎಂದು ತೀರ್ಮಾನಿಸಿ ಎಲೆ ಅಡಿಕೆ ಹಾಕಿಕೊಂಡರು. ಒಂದನ್ನು ಬಿಟ್ಟು ಇನ್ನೊಂದು ಕೆಲಸಕ್ಕೆ ಬಾರದು ಎಂದು ಅವರಿಗೆ ಹೇಳಬೇಕಾದವರು ನಾವಿಬ್ಬರೇ. ಅಷ್ಟು ಹೊತ್ತಿಗೆ ನಾವಿಬ್ಬರೂ ಮಾತು ಬಿಟ್ಟಾಗಿತ್ತು. ಮೊದಲು ಯಾರು ಏನಂದರು ಎಂಬುದಕ್ಕೆ ಅವನ ಬಳಿ ಒಂದು ಕತೆ ಇದೆ, ನನ್ನ ಬಳಿ ಒಂದು. ಅವನು ಹೆಂಡತಿ ಮಕ್ಕಳೊಂದಿಗೆ ಕೆ.ಆರ್. ಪೇಟೆಗೆ ಹೋಗಿ ಕೀಬೋರ್ಡ್ ಕಲಿಸತೊಡಗಿದ. ನಾನು ಶ್ರೀರಂಗಪಟ್ಟಣದ ಒಂದು ಅಂಗಡಿಯಲ್ಲಿ ಲ್ಯಾಪ್‌ಟಾಪನ್ನು ಪೆಟ್ಟಿಗೆಯಿಲ್ಲದೆ ಮಾತಾಡುವಂತೆ ಮಾಡಿಸಿಕೊಂಡು ಬಂದೆ.

ನಾನು ಮೊದಲೇ ಪುಕ್ಕಲ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮಂಡ್ಯ ಬಸ್ಸಿನಿಂದ ಇಳಿದು ಮನೆಗೆ ವಾಪಸು ಬಂದವನು. ಲ್ಯಾಪ್‌ಟಾಪು ವಾರಗಟ್ಟಲೆ ಅಪ್ಡೇಟ್ ಮಾಡು, ಅಪ್ಡೇಟ್ ಮಾಡು ಎಂದು ಕೇಳುತ್ತಿತ್ತು. ಮಾಡಿದರೆ ಏನಾದೀತೋ ಎಂದು ಹೆದರಿದೆ. ಆಮೇಲೆ ಮಾಡದಿದ್ದರೆ ಏನಾದೀತೋ ಎಂದು ಅದಕ್ಕಿಂತ ಹೆಚ್ಚು ಹೆದರಿ, ಒತ್ತಿದೆ. ಮುಗಿದ ಮೇಲೆ ಸಾಫ್ಟ್‌ವೇರು ತೆರೆದು ನೋಡಿದರೆ ಗೆರೆ ಓಡುತ್ತಿದೆ, ಹಸಿರು ಪಟ್ಟಿಗಳು ತಾಳಕ್ಕೆ ಸರಿಯಾಗಿ ಕುಣಿಯುತ್ತಿವೆ, ಸದ್ದು ಮಾತ್ರ ಇಲ್ಲ. ಮದುವೆ ವಿಡಿಯೋ ಹಾಕಿದರೆ ವಾಲಗ ಕೇಳುತ್ತದೆ. ಅಂದರೆ ಸ್ಪೀಕರು ಚೆನ್ನಾಗಿದೆ. ನನ್ನ ಹಾರ್ಮೋನಿಯಂ ಒಂದೇ ಮೂಕ. ವೈರು ಕಿತ್ತು ಮತ್ತೆ ಸಿಕ್ಕಿಸಿದೆ, ವಾಲ್ಯೂಮು ಏರಿಸಿದೆ, ಆಫ್ ಮಾಡಿ ಆನ್ ಮಾಡಿದೆ, ಯಾರೂ ನೋಡದಾಗ ಊದಿಯೂ ನೋಡಿದೆ. ಅತ್ತ ಶೀಳನೆರೆ ಕಡೆಯ ಒಬ್ಬರು, ನಾಟಕದಲ್ಲಿ ರಾಜನ ಪಾತ್ರದವರು, ಟ್ರ್ಯಾಕ್ ಎಲ್ಲಿ ಎಂದು ಬೆಳಿಗ್ಗೆ ಸಂಜೆ ಫೋನು ಮಾಡುತ್ತಿದ್ದರು. ನನ್ನ ಒದ್ದಾಟ ನೋಡಲಾರದೆ ಹೆಂಡತಿ ನನಗೆ ತಿಳಿಸದೆ ಮೈದುನನಿಗೆ ಫೋನ್ ಮಾಡಿದಳು.

ಭಾನುವಾರ ಬೈಕು ನಿಂತ ಸದ್ದಾಯಿತು. ಪಾಲಾದ ಮೇಲೆ ತಮ್ಮ ನನ್ನ ಹೊಸ್ತಿಲು ತುಳಿದದ್ದು ಅದೇ ಮೊದಲು. ಅವನ ಹೊಟ್ಟೆ ಕರಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ನನಗೆ ಟ್ರ್ಯಾಕು, ರಾಜಪಾತ್ರ ಎಲ್ಲ ಮರೆತು ಹೋಯಿತು. ಇವನು ಒಂದು ಸಲ ನನ್ನನ್ನು ‘ಅಣ್ಣಯ್ಯ’ ಅಂದರೆ ಸಾಕು ಅನ್ನಿಸಿತು. ಮೊದಲು ನಾನೇ ಕರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೆಂಡತಿಯೂ ಕೇಳುತ್ತಾಳೆ.

ಅವನು ನೆಲದ ಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತ. ನಮ್ಮ ಕಡೆ ಮಾತು ಬಿಟ್ಟವರಿಗೂ ಮಾತಾಡುವ ಒಂದು ದಾರಿ ಇದೆ, ನಡುವೆ ಒಬ್ಬರು ನಿಂತಿರಬೇಕು.

“ಅತ್ಗೆ, ಯಾವಾಗಿಂದ ಇಂಗಾಗದೆ ಅಂತ ಕೇಳಿ ನಿಮ್ ಯಜಮಾನ್ರ.”

“ಅಪ್ಡೇಟ್ ಆದ್ಮೇಲೆ ಅಂತ ಏಳು ಅವ್ನಿಗೆ,” ಎಂದೆ.

“ಬೇರೆ ಏನಾದ್ರೂ ಒತ್ತವ್ರಾ ಕೇಳಿ.”

ಏನೇನು ಒತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಏನೂ ಇಲ್ಲ ಎಂದು ಹೇಳಿಸಿದೆ. ಹೆಂಡತಿ ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗಿ ಸುಸ್ತಾದಳು.

“ನಾನೇನು ನಿಮ್ಮಿಬ್ರು ಮಧ್ಯೆ ಇಟ್ಟಿರೋ ಮೈಕಾ? ಇಬ್ರುಗೂ ಕಿವಿ ಅವೆ. ಕಾಪಿ ಕಾಯಿಸ್ತೀನಿ,” ಎಂದು ಒಳಗೆ ನಡೆದಳು.

ಅವಳು ಹೋದದ್ದೇ ತಡ, ಮನೆಯ ಸದ್ದೂ ಸಾಫ್ಟ್‌ವೇರಿನ ಹಾಗೆಯೇ ಆಯಿತು. ತಮ್ಮ ಒಂದೊಂದೇ ಪುಟ ತೆರೆದು ಕೊನೆಗೆ ಸೌಂಡು ಎಲ್ಲಿಗೆ ಹೋಗಬೇಕು ಎಂದು ಹೇಳುವ ಜಾಗಕ್ಕೆ ಬಂದ. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಅಲ್ಲಿ ಅವನ ಪಾಲಿಗೆ ಹೋದ ಪೆಟ್ಟಿಗೆಯ ಹೆಸರಿತ್ತು. ಅಪ್ಡೇಟಿನಲ್ಲಿ ಅಂಗಡಿಯವರು ಮಾಡಿದ್ದೆಲ್ಲ ಅಳಿಸಿಹೋಗಿ, ಮೊದಲಿದ್ದದ್ದೇ ವಾಪಸು ಬಂದಿತ್ತು. ಅವನ ಬೆರಳು ನಿಂತಿತು.

“ಇನ್ನೂ ಆ ಪೆಟ್ಗೆಗೇ ಕಳಿಸ್ತಾ ಕೂತದೆ ಇದು,” ಎಂದ, ಲ್ಯಾಪ್‌ಟಾಪಿಗೆ.

ಇದೇ ಹೊತ್ತು ಎಂದುಕೊಂಡೆ. ಇಂಥ ಹೊತ್ತಿಗೆಂದೇ ಎಷ್ಟೋ ಮಾತು ಮನಸ್ಸಿನಲ್ಲಿ ಮಾಡಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಅಡುಗೆಮನೆಯ ಕಡೆಗೆ ಕೂಗಿದ ಒಂದೇ ಮಾತು: “ಅವ್ನ ಕಾಪಿಗೆ ಸಕ್ಕರೆ ಜಾಸ್ತಿ ಆಕು.”

ಚಿಕ್ಕಂದಿನಿಂದಲೂ ಅವನದು ಪಾಯಸದಂಥ ಕಾಫಿ. ಲೋಟದ ತಳದ ಸಕ್ಕರೆಯನ್ನು ಬೆರಳಲ್ಲಿ ಬಳಿದು ತಿನ್ನುತ್ತಿದ್ದ.

ಅವನೂ ಅಡುಗೆಮನೆಯ ಕಡೆಗೇ ತಿರುಗಿದ. “ಬ್ಯಾಡಿ ಅತ್ಗೆ. ನಂಗೆ ಸಕ್ಕರೆ ಕಾಯ್ಲೆ ಬಂದು ವರ್ಷಾಯ್ತು.”

ಗ್ಯಾಸಿಗೆ, ಬೀಗಕ್ಕೆ, ಅಪ್ಡೇಟಿಗೆ ಎದೆ ಹೊಡೆದುಕೊಳ್ಳುವ ನಾನು ಈ ಒಂದು ವರ್ಷ ಇದಕ್ಕೆ ಒಂದು ದಿನವೂ ಹೆದರಿರಲಿಲ್ಲ. ಗೊತ್ತಿದ್ದರಲ್ಲವೇ ಹೆದರುವುದು. ಅಪ್ಪನ ಕಾಲಿನ ಗಾಯ ವಾಸಿಯಾಗದೆ ಹೋದದ್ದೂ ಇದೇ ಕಾಯಿಲೆಯಿಂದ. ಡಾಕ್ಟರು ಯಾರು, ಮಾತ್ರೆಯೋ ಇಂಜೆಕ್ಷನ್ನೋ, ರಾತ್ರಿ ಕಾಲು ಉರಿಯುತ್ತದೆಯೋ, ಎಲ್ಲ ಕೇಳಬೇಕಿತ್ತು. ನಡುವೆ ಯಾರೂ ಇರಲಿಲ್ಲ.

ಅವನು ಪೆಟ್ಟಿಗೆಯ ಬದಲು ಲ್ಯಾಪ್‌ಟಾಪಿನ ಸ್ವಂತ ಸ್ಪೀಕರನ್ನು ಆರಿಸಿ ಒತ್ತಿದ. ನನ್ನ ಹಾರ್ಮೋನಿಯಂ ಕೇಳಿಸಿತು. ಪಲ್ಲವಿ ಮುಗಿದು ಚರಣ ಮುಗಿಯುವ ತನಕ ಅವನು ಅದನ್ನು ನಿಲ್ಲಿಸಲಿಲ್ಲ. ತೊಡೆಯ ಮೇಲೆ ಅವನ ಬೆರಳು ತಾಳ ಹಾಕುತ್ತಿತ್ತು. ನಾನು ಆ ಬೆರಳನ್ನೇ ನೋಡುತ್ತಾ ಕೂತೆ. ಆಮೇಲೆ ಪಟ್ಟಿಯಿಂದ ಪೆಟ್ಟಿಗೆಯ ಹೆಸರನ್ನೇ ತೆಗೆದುಹಾಕಿದ.

ಸಕ್ಕರೆ ಇಲ್ಲದ ಕಾಫಿ ನಿಂತೇ ಕುಡಿದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಅತ್ತಿಗೆಗೆ ಹೇಳಿದ: “ಇನ್ಮೇಲೆ ಏನ್ ಅಪ್ಡೇಟ್ ಬಂದ್ರೂ ತೊಂದ್ರೆ ಇಲ್ಲ ಅಂತ ಏಳಿ ಅವ್ರಿಗೆ. ನನ್ ಕರೆಯೋ ಕೆಲ್ಸನೇ ಬರಕಿಲ್ಲ.”

ಏನಾದರೂ ಹೇಳಿ ಎನ್ನುವಂತೆ ಅವಳು ನನ್ನನ್ನು ನೋಡಿದಳು. ನಾನು ಕೈಯಲ್ಲಿದ್ದ ಲೋಟ ನೋಡಿದೆ. ಬೈಕು ಕೆ.ಆರ್. ಪೇಟೆ ರಸ್ತೆಗೆ ತಿರುಗಿತು.

ಟ್ರ್ಯಾಕು ಹೋಯಿತು. ನಾಟಕವೂ ಆಯಿತು. ಆಮೇಲೆ ಹಲವು ಅಪ್ಡೇಟುಗಳು ಬಂದಿವೆ. ಈಗ ಅದು ಒಂದು ಸಲ ಕೇಳಿದರೆ ಸಾಕು, ಒತ್ತಿಬಿಡುತ್ತೇನೆ. ಮುಗಿದ ಕೂಡಲೇ ಸಾಫ್ಟ್‌ವೇರು ತೆರೆದು, ಸದ್ದು ಬರದಿರಲಿ ಎಂದು ಮನೆದೇವರಿಗೆ ಕೈ ಮುಗಿದು, ಹಾಡು ಹಾಕುತ್ತೇನೆ. ಅವನ ಕೈಕೆಲಸ ಯಾವತ್ತೂ ಅಚ್ಚುಕಟ್ಟು. ಪ್ರತಿ ಸಲವೂ ಹಾಡು ಸ್ಪಷ್ಟವಾಗಿ ಕೇಳಿಸುತ್ತದೆ.