ಪುಕ್ಕಲಿಯ ಬಲಗಡೆ

ಲಾಯದಲ್ಲಿ ಎಲ್ಲರೂ ಅವನನ್ನು ಆಕಳಿಕೆ ಎಂದೇ ಕರೆಯುತ್ತಿದ್ದರು. ಬೆಳಕು ಹರಿಯುವ ಮುಂಚೆ ಲದ್ದಿ ಬಾಚಲು ಶುರುಮಾಡಿ, ಸವಾರಿ ಕಲಿಯುವ ಮಕ್ಕಳು ಮನೆಗೆ ಹೋಗುವವರೆಗೂ ಕುದುರೆಯ ಹಗ್ಗ ಹಿಡಿದು ಸುತ್ತುವವನ ಬಾಯಿ ಇನ್ನೇನು ಮಾಡೀತು? ಆ ಹೆಸರಿಗೆ ಅವನ ತಕರಾರೂ ಇರಲಿಲ್ಲ. ತಕರಾರು ಮಾಡಲು ಎಚ್ಚರವಾಗಿರಬೇಕಲ್ಲ.

ಸಾಲದ್ದಕ್ಕೆ ಪುಕ್ಕಲಿ ಎಂಬ ಕಂದು ಕುದುರೆ ಅವನಿಗೆ ಗಂಟುಬಿದ್ದಿತ್ತು. ಹಿಂದೆ ಇದ್ದ ಕಡೆ ಯಾರೋ ಅದನ್ನು ಕಟ್ಟಿ ಕೆಡವಿ ಲಾಳ ಹೊಡೆದಿದ್ದರಂತೆ. ಅಂದಿನಿಂದ ಕಾಲಿನ ಹತ್ತಿರ ಕೈ ಹೋದರೆ ಸಾಕು, ಮೈಯೆಲ್ಲ ನಡುಗಿ ಒದೆಯುತ್ತಿತ್ತು. ಗೊರಸುಗಳು ಬೆಳೆದು ಅಂಚು ಸೀಳಿದ್ದವು.

"ಲಾಳದವರು ಬಂದಾಗ ಕಾಲು ಕೊಟ್ರೆ ಇಲ್ಲಿರತ್ತೆ. ಇಲ್ಲಾಂದ್ರೆ ದಲ್ಲಾಳಿ ಹಿಂದೆ ಹೋಗತ್ತೆ," ಎಂದು ಯಜಮಾನರು ಹೇಳಿಬಿಟ್ಟಿದ್ದರು. ದಲ್ಲಾಳಿಯ ಹಿಂದೆ ಹೋದ ಒದೆಯುವ ಕುದುರೆಗಳು ಏನಾಗುತ್ತವೆಂದು ಲಾಯದಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹಾಗಾಗಿ ಕೆಲಸ ಮುಗಿದ ಮೇಲೆ ಆಕಳಿಕೆ ಬಕೆಟ್ ಬೋರಲು ಹಾಕಿಕೊಂಡು ಪುಕ್ಕಲಿಯ ಪಕ್ಕ ಕೂರತೊಡಗಿದ. ಮೊದಮೊದಲು ಸುಮ್ಮನೆ ಕೂತ. ಆಮೇಲೆ ಕತ್ತಿನ ಮೇಲೆ ಕೈ. ಅದು ಉಸಿರು ಬಿಗಿಹಿಡಿದರೆ ಕೈ ಅಲ್ಲೇ ನಿಲ್ಲಬೇಕು. ಉಸಿರು ಬಿಟ್ಟಾಗ ತೆಗೆಯಬೇಕು. ಹಾಗೇ ಭುಜ, ಮೊಣಕಾಲು, ಗೊರಸು. ಕಾಲು ಎತ್ತಿದರೆ, ಅದು ಕಿತ್ತುಕೊಳ್ಳುವ ಮುಂಚೆ ತಾನೇ ಇಳಿಸಬೇಕು. ನೋಡಿದವರು ಏನು ತಾಳ್ಮೆಯಪ್ಪಾ ಎಂದರು. ಅವಸರಪಡುವಷ್ಟು ಶಕ್ತಿ ಉಳಿದಿಲ್ಲವೆಂಬುದು ಅವನಿಗೊಬ್ಬನಿಗೇ ಗೊತ್ತು.

"ಕಟ್ಕೊಂಡ ಹೆಂಡತಿ ಪಕ್ಕಾನೂ ಯಾರೂ ಇಷ್ಟು ಹೊತ್ತು ಕೂರಲ್ಲ ಕಣೋ," ಎಂದು ಮನೆಯಲ್ಲಿ ಅಕ್ಕ ಆರಿದ ಊಟ ಬಡಿಸುತ್ತ ಹಂಗಿಸುತ್ತಿದ್ದಳು.

"ಹೆಂಡತಿ ಒದ್ರೆ ಎಲ್ಲಿಗೆ ಓಡ್ಲಿ ಅಕ್ಕಾ? ಇದನ್ನಾದ್ರೆ ಕಟ್ಟಿರ್ತಾರೆ."

ಲಾಳದವರು ಬಂದರು. ಯಜಮಾನರು ಬಾಗಿಲಿಗೆ ಒರಗಿ ನಿಂತರು. ಎಡಗಡೆಯ ಮುಂಗಾಲು ಕೇಳಿದರೆ ಪುಕ್ಕಲಿ ಕೊಟ್ಟಿತು. ಹಿಂಗಾಲನ್ನೂ ಕೊಟ್ಟಿತು. ಅರದಿಂದ ಗೊರಸು ಉಜ್ಜುವಾಗ ಕಿವಿ ಸಹ ಅಲ್ಲಾಡಿಸಲಿಲ್ಲ. ಆಕಳಿಕೆ ಯಜಮಾನರತ್ತ ಒಂದು ಸಲ ಹೆಮ್ಮೆಯಿಂದ ನೋಡಿಯೂಬಿಟ್ಟ. ಲಾಳದವರು ಸುತ್ತಿಬಂದು ಬಲಗಾಲಿಗೆ ಕೈ ಚಾಚಿದ್ದೇ ತಡ, ಅರ ಒಂದು ಕಡೆ ಬಿತ್ತು, ಅವರೊಂದು ಕಡೆ ಬಿದ್ದರು.

"ಲೋ, ಈ ಕಡೆ ಕಲಿಸೇ ಇಲ್ವೇನೋ?" ಎಂದು ಲಾಳದವರು ಬಿದ್ದಲ್ಲಿಂದಲೇ ಕೂಗಿದರು.

ಕುದುರೆಗೆ ಒಂದು ಬದಿಯಲ್ಲಿ ಕಲಿಸಿದ್ದನ್ನು ಇನ್ನೊಂದು ಬದಿಯಲ್ಲಿ ಮೊದಲಿನಿಂದ ಕಲಿಸಬೇಕು. ಲಾಯಕ್ಕೆ ಸೇರಿದವರು ಮೊದಲು ಕಲಿಯುವ ಪಾಠವೇ ಅದು. ಅವನಿಗೂ ಗೊತ್ತಿತ್ತು. ಆದರೆ ಬಲಗಡೆ ಗೋಡೆ, ಜಾಗ ಇಕ್ಕಟ್ಟು. ಎಡಗಡೆ ಬಕೆಟ್ಟಿನ ಹಿಂದೆ ಒರಗಲು ಕಂಬವಿತ್ತು. ನಾಳೆ ಆ ಕಡೆ ಕೂತರಾಯಿತು ಎಂದುಕೊಂಡೇ ಇಷ್ಟು ದಿನ ಅದಕ್ಕೆ ಬೆನ್ನು ಆನಿಸಿ ಕೂತಿದ್ದ.

"ಅಂತೂ ಅರ್ಧ ಕುದುರೆ ಪಳಗಿಸಿದೀಯ," ಎಂದರು ಯಜಮಾನರು. "ಉಳಿದರ್ಧ ದಲ್ಲಾಳಿಗೆ ಕೊಡ್ಲಾ?"

ಲಾಳದವರು ಸೊಂಟ ಹಿಡಿದು ಎದ್ದರು. "ಕೊಟ್ಟಿರೋ ಎರಡು ಕಾಲು ಸುಳ್ಳಲ್ಲ, ಯಜಮಾನ್ರೇ. ಇವತ್ತು ಲಾಳ ಬೇಡ, ಆ ಎರಡರ ಅಂಚು ಸವರಿದೀನಿ. ಮುಂದಿನ ಸಲ ಬಂದಾಗ ನೋಡೋಣ."

ಯಜಮಾನರು ಸವರಿದ ಗೊರಸುಗಳನ್ನು ಬಗ್ಗಿ ನೋಡಿದರು. "ಮುಂದಿನ ಸಲ. ಅದೇ ಕೊನೆ," ಎಂದು ಹೊರಟುಹೋದರು.

ಸಂಜೆ ಆಕಳಿಕೆ ಪುಕ್ಕಲಿಯನ್ನು ಗೋಡೆಯಿಂದ ಈಚೆಗೆ ಸರಿಸಿ ಕಟ್ಟಿ, ಬಲಗಡೆ ಬಕೆಟ್ ಹಾಕಿಕೊಂಡ. ಒರಗಲು ಏನೂ ಇಲ್ಲದೆ ಬೆನ್ನು ಸಿಡಿಯುತ್ತಿತ್ತು. ಕತ್ತಿನ ಮೇಲೆ ಕೈ ಇಟ್ಟ. ಯಾರೋ ಹೊಸಬ ಬಂದನೇನೋ ಎಂಬಂತೆ ಅದು ಉಸಿರು ಬಿಗಿಹಿಡಿಯಿತು. ಅವನು ಕಾದ. ದೊಡ್ಡದೊಂದು ಆಕಳಿಕೆ ಬಂತು, ಅದನ್ನೂ ತಡೆದುಕೊಂಡ. ತೋಳು ಜೋಮು ಹಿಡಿಯುತ್ತ ಬಂತು.

ಬಹಳ ಹೊತ್ತಿನ ಮೇಲೆ ಕುದುರೆ ಉಸಿರು ಬಿಟ್ಟಿತು. ಅವನು ಕೈ ತೆಗೆದ.