ನಿರೀಕ್ಷಿತ ಉತ್ತರ: ಇಲ್ಲ

ಬಿ.ಇಡ್. ಮಾಡಿದವರನ್ನು ಕಂಡರೆ ತುಟಿಯಂಚಿನಲ್ಲಿ ನಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬೇರೆಲ್ಲೂ ಸೀಟು ಸಿಗದೆ, ಬೇರೆ ಯಾವ ಪರೀಕ್ಷೆಯೂ ಪಾಸಾಗದೆ, ಕಡೆಗೆ ಇದಾದರೂ ಆಗಲಿ ಎಂದು ಬಂದವಳು ನಾನಲ್ಲ. ಕಲಿಸುವ ಕೆಲಸವೇ ಬೇಕೆಂದು ಬಂದವಳು. ನಿಲ್ಕುಂದದ ಹತ್ತಿರದ ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಅಪ್ಪ ಏಳನೇ ಇಯತ್ತೆ ಫೇಲು, ಅಮ್ಮ ನಾಲ್ಕಕ್ಕೇ ಬಿಟ್ಟವಳು. ಇದನ್ನು ನಾಚಿಕೆಯಿಂದ ಬರೆಯುತ್ತಿಲ್ಲ. ಲೆಕ್ಕಕ್ಕೆ ಇರಲಿ ಎಂದು ಬರೆಯುತ್ತಿದ್ದೇನೆ.

ಪಿಯುಸಿ ಮುಗಿದಾಗ ಅಪ್ಪ ಸಿದ್ದಾಪುರದ ಪೇಟೆಯಲ್ಲಿ ಯಾರನ್ನೋ ವಿಚಾರಿಸಿಕೊಂಡು ಬಂದಿದ್ದ.

"ಡಿ.ಇಡ್. ಅಂತ ಒಂದುಂಟಂತೆ. ಎರಡೇ ವರ್ಷ. ಮುಗೀತಿದ್ದ ಹಾಗೇ ಅಕ್ಕೋರು."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಹೇಳುವುದು.

"ಅದು ಸಣ್ಣ ಮಕ್ಕಳಿಗೆ ಕಲಿಸೂಕೆ ಅಪ್ಪ. ನಂಗೆ ದೊಡ್ಡ ಕ್ಲಾಸಿಗೆ ವಿಜ್ಞಾನ ಕಲಿಸ್ಬೇಕು."

"ಅದಕ್ಕೆ ಎಂಥ ಬೇಕು?"

ಬೆರಳು ಮಡಚುತ್ತ ಹೇಳಿದೆ. ಶಿರಸಿಯಲ್ಲಿ ಮೂರು ವರ್ಷ ಬಿ.ಎಸ್‌ಸಿ. ಆಮೇಲೆ ಎರಡು ವರ್ಷ ಬಿ.ಇಡ್. ಅದು ಮುಗಿದ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ. ಅದು ಪಾಸಾದರೆ ನೇಮಕಾತಿ ಪರೀಕ್ಷೆ. ಅದೂ ಆದರೆ ಎಲ್ಲ ಅಂಕ ಕೂಡಿಸಿ ಪಟ್ಟಿ.

ಅಪ್ಪ ಬೇಲಿಯ ದಾರಿಗೆ ಅಡ್ಡ ಹಾಕಿದ ದಣಪೆಯ ಗಳ ಸರಿಸುತ್ತ ನಿಂತಿದ್ದ. "ಗದ್ದೆಗೆ ಹೊಗೂಕೆ ಒಂದು ದಣಪೆ ಸಾಕು. ಶಾಲೆಗೆ ಹೊಗೂಕೆ ಇಷ್ಟು ದಣಪೆ ಇಟ್ಟವ್ರೆ ಅಂದ್ರೆ ಒಳಗೆ ಎಂಥದೋ ಬೆಲೆಬಾಳೂದು ಇರಬೇಕು. ಹೋಗು."

ಅಪ್ಪನಿಂದ ಸಿಕ್ಕ ಅನುಮತಿ ಅಷ್ಟೇ. ನನಗೆ ಸಾಕಾಯಿತು.

ಬಿ.ಎಸ್‌ಸಿ. ಕಷ್ಟವಿತ್ತು, ಮುಗಿಸಿದೆ. ಬಿ.ಇಡ್.ನ ಕಷ್ಟ ಬೇರೆ ಥರದ್ದು. ಅಲ್ಲಿ ಕಷ್ಟ ಪುಸ್ತಕದಲ್ಲಿರಲಿಲ್ಲ, ನಾಲಿಗೆಯಲ್ಲಿತ್ತು. ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿ ಆರೇಳು ನಿಮಿಷ ಪಾಠ ಮಾಡಿಸುತ್ತಾರೆ. ನನ್ನ ಬಾಯಲ್ಲಿ 'ಎಂಥ' ಬಂದ ಕೂಡಲೇ ಹಿಂದಿನ ಬೆಂಚಿನಿಂದ 'ಎಂಥ ಎಂಥ' ಎಂದು ರಾಗ ಹೊರಡುತ್ತಿತ್ತು. ಪುಸ್ತಕದ ಕನ್ನಡವನ್ನು ನಾನು ಎರಡನೇ ಭಾಷೆಯ ಹಾಗೆ ಕಲಿತೆ. ಕಲಿತದ್ದಕ್ಕೆ ಬೇಸರವಿಲ್ಲ. ಮೊದಲನೆಯದನ್ನು ಎಸೆದು ಬಾ ಎಂದರಲ್ಲ, ಅದಕ್ಕೆ ಸಿಟ್ಟು.

ಪಾಠಯೋಜನೆ ಬರೆಯುವುದಕ್ಕೆ ಒಂದು ದಪ್ಪ ಪುಸ್ತಕ. ಒಂದು ಕಾಲಂನಲ್ಲಿ ಶಿಕ್ಷಕಿಯ ಪ್ರಶ್ನೆ, ಅದರ ಪಕ್ಕದ ಕಾಲಂನಲ್ಲಿ 'ನಿರೀಕ್ಷಿತ ಉತ್ತರ'. ನಾಳೆ ಮಕ್ಕಳು ಏನು ಹೇಳುತ್ತಾರೆಂದು ಇವತ್ತೇ ಬರೆದಿಡಬೇಕು, ಜಾತಕ ಬರೆದ ಹಾಗೆ. ನಮ್ಮ ಪಾಠಗಳನ್ನು ತಿದ್ದುತ್ತಿದ್ದ ಮೇಡಂ ಈ ಕಾಲಂ ಖಾಲಿ ಕಂಡರೆ ಪುಸ್ತಕವನ್ನು ಹಿಂದಕ್ಕೆ ತಳ್ಳುತ್ತಿದ್ದರು. ಶಿರಸಿಯವರೇ, ಕೆಟ್ಟವರಲ್ಲ. ಜಗಳ ಕಂಡರೆ ಅವರಿಗೆ ಭಯ.

ಎರಡನೇ ವರ್ಷದ ಕೊನೆಗೆ ಪರೀಕ್ಷಾ ಪಾಠ. ಹೊರಗಿನ ಊರಿನಿಂದ ಒಬ್ಬ ಪರೀಕ್ಷಕರು ಬರುತ್ತಾರೆ, ನಿಜವಾದ ಶಾಲೆಯಲ್ಲಿ ನಿಜವಾದ ಮಕ್ಕಳಿಗೆ ನಾವು ಮಾಡುವ ಪಾಠವನ್ನು ಹಿಂದೆ ಕೂತು ನೋಡುತ್ತಾರೆ. ಇದರಲ್ಲಿ ಫೇಲಾದರೆ ಇಡೀ ಬಿ.ಇಡ್. ನಿಂತುಹೋಗುತ್ತದೆ. ಪಾಸಾದರೂ ಅಂಕ ಕಡಿಮೆಯಾದರೆ ಮುಂದೆ ನೇಮಕಾತಿಯ ಪಟ್ಟಿಯಲ್ಲಿ ಅದೇ ಅಂಕ ಕಾಲು ಹಿಡಿದು ಎಳೆಯುತ್ತದೆ. ಆ ಇಪ್ಪತ್ತು ಮೂವತ್ತು ನಿಮಿಷಗಳ ಮೇಲೆ ನನ್ನ ಐದು ವರ್ಷ ನಿಂತಿತ್ತು.

ಭೈರುಂಬೆ ಬಸ್ಸಿನ ದಾರಿಯ ಒಂದು ಶಾಲೆ, ಆರನೇ ತರಗತಿ. ಪಾಠ: ಗಾಳಿಯು ಸ್ಥಳವನ್ನು ಆಕ್ರಮಿಸುತ್ತದೆ. ಗಾಜಿನ ಲೋಟದ ತಳಕ್ಕೆ ಒಣ ಕಾಗದದ ಉಂಡೆ ಒತ್ತಿ ಸಿಕ್ಕಿಸಿ, ಲೋಟವನ್ನು ಬೋರಲು ಹಾಕಿ ನೀರಿನ ಬಕೆಟ್ಟಿಗೆ ನೇರವಾಗಿ ಮುಳುಗಿಸಿದರೆ ಕಾಗದ ಒದ್ದೆಯಾಗುವುದಿಲ್ಲ. ಒಳಗಿರುವ ಗಾಳಿ ನೀರನ್ನು ಬಿಡುವುದಿಲ್ಲ. ಮೊದಲು ಲೋಟ ತೋರಿಸಿ ಕೇಳಬೇಕು, ಇದರಲ್ಲಿ ಗಾಳಿ ಇದೆಯೇ ಎಂದು. ಮಕ್ಕಳು ಇಲ್ಲ ಎನ್ನುತ್ತಾರೆ. ಆ 'ಇಲ್ಲ'ವನ್ನು ಅವರ ಕೈಯಿಂದಲೇ ಮುರಿಸುವುದು ನನ್ನ ಪಾಠದ ಜೀವ. ಪುಸ್ತಕದಲ್ಲಿ ಬರೆದಿದ್ದೆ: ನಿರೀಕ್ಷಿತ ಉತ್ತರ: ಇಲ್ಲ.

ಎರಡನೇ ಸಾಲಿನ ಹುಡುಗಿಯನ್ನು ಎಬ್ಬಿಸಿ ಕೇಳಿದೆ. "ಈ ಲೋಟದಲ್ಲಿ ಗಾಳಿ ಇದೆಯಾ?"

"ಇಲ್ಲೆ," ಅಂದಳು.

ಇದು ಅಡಿಕೆ ತೋಟದ ಮನೆಗಳ ಮಾತು. ಅವರ 'ಇದ್ದು' ಅಂದರೆ 'ಇದೆ', 'ಇಲ್ಲೆ' ಅಂದರೆ 'ಇಲ್ಲ'. ನನ್ನ ಮನೆಮಾತಲ್ಲ, ಆದರೆ ಅಂಥ ಮನೆಯ ಹುಡುಗಿಯರ ಪಕ್ಕ ಹತ್ತು ವರ್ಷ ಕೂತು ಓದಿದವಳಿಗೆ ಅಷ್ಟು ತಿಳಿಯದೆ ಇರುತ್ತದೆಯೇ?

"ಇಲ್ಲವಾ? ಹಾಗಾದರೆ ಬಾ, ನೀನೇ ನೋಡು," ಎಂದು ಅವಳನ್ನೇ ಕರೆದು ಲೋಟ ಮುಳುಗಿಸಲು ಹೇಳಿದೆ. ಮೊಣಕೈವರೆಗೆ ಅಂಗಿ ಮಡಚಿಕೊಂಡು ಮುಳುಗಿಸಿದಳು, ಎತ್ತಿದಳು, ಕಾಗದ ಬಿಡಿಸಿ ಕೆನ್ನೆಗೆ ಒತ್ತಿಕೊಂಡು ನೋಡಿದಳು. ಒಣಗಿಯೇ ಇತ್ತು. ತರಗತಿಯಲ್ಲಿ ಗುಜುಗುಜು. ಒಬ್ಬೊಬ್ಬರೂ ತಾವೂ ಮುಳುಗಿಸಬೇಕೆಂದರು. ಪಾಠ ಮುಗಿದಾಗ ನನ್ನ ಸೀರೆಯ ನೆರಿಗೆಯೆಲ್ಲ ಒದ್ದೆ, ಮನಸ್ಸು ಹಗುರ.

ಹೊರಗೆ ಜಗಲಿಯಲ್ಲಿ ಪರೀಕ್ಷಕರು ಷರಾ ಬರೆದು ಸಹಿಗೆ ಕೊಟ್ಟರು. ಓದಿದೆ. 'ವಿದ್ಯಾರ್ಥಿನಿ ನೀಡಿದ ಸರಿಯಾದ ಉತ್ತರವನ್ನು ಪ್ರಶಿಕ್ಷಣಾರ್ಥಿ ಗುರುತಿಸಲಿಲ್ಲ. ವಿಷಯಜ್ಞಾನ ಸಾಲದು.'

ಯಾವ ಸರಿಯಾದ ಉತ್ತರ? ಕೇಳಿದೆ.

"ಗಾಳಿ ಐತೇನು ಅಂತ ಕೇಳಿದ್ರಿ. ಆಕಿ ಇಲ್ಲೇ ಐತಿ ಅಂತ ಬರೋಬ್ಬರಿ ಹೇಳಿದ್ಲು. ನೀವು 'ಇಲ್ಲವಾ' ಅಂದ್ರಿ. ಅಲ್ರಿ, ಮಾಸ್ತರಿಗೇ ಗೊತ್ತಿಲ್ಲಂದ್ರ ಹೆಂಗ್ರಿ?"

ಅವರು ಧಾರವಾಡದ ಕಡೆಯವರು. ಅಲ್ಲಿ 'ಇಲ್ಲೇ' ಎಂದರೆ 'ಈ ಜಾಗದಲ್ಲೇ'. ಅವರ ಕಿವಿಗೆ ಅದು ಹಾಗೆ ಕೇಳಿಸಿದ್ದರಲ್ಲಿ ತಪ್ಪಿಲ್ಲ. ಹಾಗಾಗಿ ಶಾಂತವಾಗಿಯೇ ವಿವರಿಸಿದೆ. ಪುಸ್ತಕ ತೆಗೆದು ನಿರೀಕ್ಷಿತ ಉತ್ತರವನ್ನೂ ತೋರಿಸಿದೆ.

"ನೀವು ಬರದಿದ್ದು ಬ್ಯಾರೆ, ಹುಡುಗಿ ಹೇಳಿದ್ದು ಬ್ಯಾರೆ. ನಿಮ್ಮ ಮಂದಿ ಭಾಷಾ ಪರೀಕ್ಷಾದಾಗ ನಡೆಯಂಗಿಲ್ರಿ. ಸಹಿ ಮಾಡ್ರಿ."

"ನಮ್ಮ ಮಂದೀದಲ್ಲ ಸರ್ ಅದು. ಆ ಹುಡುಗಿದು."

ಕಾಲೇಜಿನಿಂದ ಜೊತೆಗೆ ಬಂದಿದ್ದ ಮೇಡಂ ನನ್ನ ಸೆರಗು ಜಗ್ಗಿದರು. "ಸಹಿ ಹಾಕೇ ಮಾರಾಯ್ತಿ. ಒಂದೆರಡು ಅಂಕ ಹೋದ್ರೆ ಹೋಯ್ತು. ಫೇಲ್ ಮಾಡಿದ್ರೆ ಎಂತ ಮಾಡ್ತೆ?"

ಎಂಥ ಮಾಡುತ್ತಿದ್ದೆನೋ ನನಗೂ ಗೊತ್ತಿರಲಿಲ್ಲ. ಆದರೆ ಆ ಷರಾದ ಕೆಳಗೆ ಸಹಿ ಹಾಕಿದರೆ ಲೋಟದಲ್ಲಿ ಗಾಳಿ ಇದೆಯೆಂಬುದು ನನಗೆ ಗೊತ್ತಿರಲಿಲ್ಲ ಎಂದು ನಾನೇ ಒಪ್ಪಿದ ಹಾಗೆ. ಪೆನ್ನಿನ ಮುಚ್ಚಳ ಹಾಕಿದೆ.

"ಹುಡುಗಿಯನ್ನೇ ಕೇಳಿ ಸರ್. ಆಮೇಲೆ ನೀವು ಏನು ಬರೆದರೂ ಸಹಿ ಹಾಕುತ್ತೇನೆ."

ಅವರಿಗೆ ಸಿಟ್ಟು ಬಂತು, ಆದರೂ ಕರೆಸಿದರು. ಹುಡುಗಿ ಊಟದ ತಟ್ಟೆ ತೊಳೆಯುತ್ತಿದ್ದವಳು ಹಾಗೇ ಬಂದಳು.

"ಏನವಾ, ಲೋಟದಾಗ ಗಾಳಿ ಐತೋ ಇಲ್ಲೋ?"

"ಇದ್ದು."

"ಇದ್ದು? ಇದ್ದು ಏನಾತು? ಮುಂದ ಹೇಳು."

ಹುಡುಗಿ ನನ್ನ ಮುಖ ನೋಡಿದಳು. "ಮುಂದೆ ಎಂತದೂ ಇಲ್ಲೆ. ಇದ್ದು, ಅಷ್ಟೇಯ."

ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು. ನಾನೇ ಕೇಳಿದೆ, "ಮೊದಲು ಕೇಳಿದಾಗ ಎಂತ ಹೇಳಿದ್ದೆ?"

"'ಇಲ್ಲೆ' ಹೇಳಿ ಹೇಳಿದ್ದಿ ಅಕ್ಕೋರೆ. ಅದು ತಪ್ಪು. ಕಾಗದ ಒದ್ದೆ ಆಜಿಲ್ಲೆ, ಹಂಗಾಗಿ ಗಾಳಿ ಇದ್ದು."

ಪರೀಕ್ಷಕರು ಷರಾದ ಹಾಳೆ ವಾಪಸು ತೆಗೆದುಕೊಂಡರು. ಹುಡುಗಿಯನ್ನು "ಹೋಗವಾ, ಉಣ್ಣಹೋಗು" ಎಂದು ಕಳಿಸಿದರು. ಊಟ ಆಗಿಯೇ ತಟ್ಟೆ ತೊಳೆಯುತ್ತಿದ್ದಳು, ಪಾಪ. ಆಮೇಲೆ ಮೊದಲಿನ ಎರಡು ವಾಕ್ಯಗಳ ಮೇಲೆ ಗೆರೆ ಎಳೆದು, ಕೆಳಗೆ 'ಮಕ್ಕಳ ಗ್ರಾಮ್ಯ ಭಾಷೆಯನ್ನು ತಿದ್ದಲಿಲ್ಲ' ಎಂದು ಬರೆದರು. ಇದು ನಿಜ. ತಿದ್ದಿರಲಿಲ್ಲ, ತಿದ್ದುವ ಮನಸ್ಸೂ ಇರಲಿಲ್ಲ. ಸಹಿ ಹಾಕಿದೆ.

ಫಲಿತಾಂಶ ಬಂತು. ಪಾಸು. ಆದರೆ ಪರೀಕ್ಷಾ ಪಾಠದಲ್ಲಿ ನಮ್ಮ ತಂಡದಲ್ಲೇ ಕಡಿಮೆ ಅಂಕ ನನಗೆ. ಮರುವರ್ಷ ಟಿಇಟಿ ಬರೆದೆ. ಅಲ್ಲೊಂದು ಪ್ರಶ್ನೆ, ಮಗುವು ಮನೆಮಾತಿನಲ್ಲಿ ಉತ್ತರಿಸಿದಾಗ ಶಿಕ್ಷಕರು ಏನು ಮಾಡಬೇಕು ಎಂದು. ಒಪ್ಪಿಕೊಂಡು ಅಲ್ಲಿಂದ ಮುಂದುವರಿಸಬೇಕು ಎಂಬುದನ್ನು ಗುರುತು ಹಾಕಿದೆ. ಸರಿಯುತ್ತರದ ಪಟ್ಟಿಯಲ್ಲೂ ಅದೇ ಇತ್ತು. ಬರೆಯುವ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಕೊಡುವವರು ಜಗಲಿಯಲ್ಲಿ ಇದಕ್ಕೇ ಕಡಿಯುತ್ತಾರೆ, ಏನು ಮಾಡುವುದು. ಟಿಇಟಿ ಒಂದೇ ಸಲಕ್ಕೆ ಆಯಿತು. ನೇಮಕಾತಿಯ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರು ಆಯ್ಕೆಯ ಗೆರೆಯ ಸ್ವಲ್ಪ ಕೆಳಗೆ ನಿಂತಿತು.

ಈಗ ಯಲ್ಲಾಪುರ ತಾಲೂಕಿನಲ್ಲಿ, ವಜ್ರಳ್ಳಿ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎನ್ನುತ್ತಾರೆ, ವಾರಕ್ಕೆ ಆರು ದಿನ ದುಡಿಸುತ್ತಾರೆ. ಮೇಡಂ ಒಮ್ಮೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. "ಅವತ್ತು ಸುಮ್ಮನೆ ಸಹಿ ಹಾಕಿದ್ರೆ ಅವರು ಅಂಕವನ್ನಾದರೂ ಕೊಡ್ತಿದ್ರು. ಪಟ್ಟೀಲಿ ಇರ್ತಿದ್ದೆ," ಅಂದರು. ಇರುತ್ತಿದ್ದೆನೇನೋ. ವಿಷಯ ತಿಳಿಯದ ವಿಜ್ಞಾನ ಶಿಕ್ಷಕಿ ಎಂದು ನನ್ನದೇ ಸಹಿಯಲ್ಲಿ ಬರೆದುಕೊಟ್ಟು ಇರುತ್ತಿದ್ದೆ.

ಈ ಸಲ ಮತ್ತೆ ಅರ್ಜಿ ಕರೆದಿದ್ದಾರೆ. ಯಲ್ಲಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿಸುತ್ತಿದ್ದೆ. ಹಿಂದೆ ಹತ್ತು ಹನ್ನೆರಡು ಮಂದಿ ಸಾಲು. ಅಂಗಡಿಯವನು ದನಿ ತಗ್ಗಿಸಿ, "ಬಿ.ಇಡ್. ಅಂಕ ಎಷ್ಟು ಅಕ್ಕೋರೆ?" ಎಂದು ಕೇಳಿದ. ನಾನು ದನಿ ತಗ್ಗಿಸಲಿಲ್ಲ. ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಹೇಳಿದೆ.